ಬಳ್ಳಿಗಾವೆಯ ದಾಸೋಜ ಮತ್ತು ನನ್ನ ತಂಗಿಯ ಬಾಚಣಿಗೆ

ಕಳೆದ ಬೇಸಿಗೆಯಲ್ಲಿ ಸೊರಬದಲ್ಲಿ ನೆಂಟರ ಮನೆ ಮದುವೆ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಚಿಕ್ಕಪ್ಪ, ಅವರ ಪಕ್ಕ ಯಾರೋ ಹಿರಿಯರು. "ಮಗಳು ಈಗ ಎಲ್ಲಿದಾಳೆ?" ಅಂತ ಹಿರಿಯರು ಕೇಳಿದರು. "ಇಟಲಿಯಲ್ಲಿ" ಅಂದರು ಚಿಕ್ಕಪ್ಪ. "ಓಹೋ, ಎಂತ ಕೆಲಸ?" ಚಿಕ್ಕಪ್ಪ ಹಪ್ಪಳ ಮುರಿಯುತ್ತಾ ನನ್ನ ಕಡೆ ತಲೆ ಆಡಿಸಿ, "ಇವನ ಥರದ್ದೇ, ಕಂಪ್ಯೂಟರ್" ಅಂದುಬಿಟ್ಟರು!

ನಾನು ಪಾಯಸ ನುಂಗುತ್ತಾ ಸುಮ್ಮನಾದೆ. ಕಂಪ್ಯೂಟರ್ ಕೆಲಸ ಮಾಡುವವನು ನಾನು. ಬೆಂಗಳೂರಲ್ಲಿ ಕೂತು ಇನ್ಯಾರದೋ ಬ್ಯಾಂಕಿಗೆ ಕೋಡ್ ಬರೆಯುತ್ತೇನೆ. ತಂಗಿ ಮಾಡುವುದು ಬೇರೆಯೇ ಕೆಲಸ. ಶಿವಮೊಗ್ಗದ ಒಂದು ಬ್ಯೂಟಿ ಪಾರ್ಲರಿನಲ್ಲಿ ಕಲಿತು, ಆಮೇಲೆ ಬೆಂಗಳೂರಲ್ಲಿ ಕೋರ್ಸ್ ಮಾಡಿ, ಈಗ ಮಿಲಾನಿನ ಫ್ಯಾಶನ್ ಶೋಗಳಲ್ಲಿ ಮಾಡೆಲ್‌ಗಳಿಗೆ ಕೂದಲು ಕಟ್ಟುತ್ತಾಳೆ, ಮೇಕಪ್ ಹಚ್ಚುತ್ತಾಳೆ. ಕೈ ತೊಳೆಯುವಾಗ ಚಿಕ್ಕಪ್ಪನನ್ನು ಮೆಲ್ಲಗೆ ಕೇಳಿದೆ. "ಮತ್ತೆಂತ ಹೇಳಲಿ ಮಾರಾಯ? ಕೂದಲು ಬಾಚುವ ಕೆಲಸ ಅಂತಲಾ? ನಾಳೆ ಗಂಡಿನ ಕಡೆಯವರು ಕೇಳಿದರೆ?" ಅಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾದ ಕಷ್ಟ ಇತ್ತು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಉತ್ತರ ಸಿಕ್ಕಿದ್ದು ಮಾರನೇ ದಿನ, ಬಳ್ಳಿಗಾವೆಯಲ್ಲಿ. ಅದನ್ನೇ ಇಲ್ಲಿ ಬರೆಯೋಣ ಅಂತ ಕೂತಿದ್ದೇನೆ. ನಾನು ಇತಿಹಾಸ ಓದಿದವನಲ್ಲ, ಇಂಜಿನಿಯರಿಂಗ್ ಮಾಡಿದವನು. ತಪ್ಪಿದ್ದರೆ ಬಲ್ಲವರು ತಿದ್ದಿ.

ಶಿಕಾರಿಪುರದಿಂದ ಬಳ್ಳಿಗಾವೆಗೆ ಇಪ್ಪತ್ತು ಕಿಲೋಮೀಟರ್ ಆಸುಪಾಸು. ಈಗ ನೋಡಿದರೆ ಸಣ್ಣ ಹಳ್ಳಿ. ಗದ್ದೆ, ಕೆರೆ, ಹೆಂಚಿನ ಮನೆಗಳು, ನಡುವೆ ಕೇದಾರೇಶ್ವರ ದೇವಸ್ಥಾನ. ಆದರೆ ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಇದು ಬನವಾಸಿ ಹನ್ನೆರಡು ಸಾವಿರ ನಾಡಿನ ರಾಜಧಾನಿ. ಕಾಳಾಮುಖರ ಕೋಡಿಯ ಮಠ ಇಲ್ಲೇ ಇತ್ತು. 1047ರಲ್ಲಿ ಚಾವುಂಡರಾಯರಸ ನಿಲ್ಲಿಸಿದ ಗಂಡಭೇರುಂಡದ ಕಂಬ ಇಲ್ಲೇ ಇದೆ. 1065ರಲ್ಲಿ ರೂಪಭಟ್ಟಯ್ಯ ಎಂಬ ಮಂತ್ರಿ ಇಲ್ಲೊಂದು ಬೌದ್ಧ ವಿಹಾರ ಕಟ್ಟಿಸಿದ. ಶೈವ, ವೈಷ್ಣವ, ಜೈನ, ಬೌದ್ಧ ಎಲ್ಲರೂ ಒಂದೇ ಊರಲ್ಲಿ! ಇಷ್ಟು ಗುಡಿಗಳು ಏಳುವಾಗ ಕಲ್ಲು ಕೆಲಸದವರಿಗೆ ಎಷ್ಟು ಕೆಲಸ ಇದ್ದಿರಬೇಡ? ತ್ರಿಪುರಾಂತಕ ದೇವಸ್ಥಾನದ ಕಲ್ಲಿನ ಜಾಲಂಧ್ರದಲ್ಲಿ ಕುಣಿಯುವವರನ್ನು ನೋಡಿದರೆ ಗೊತ್ತಾಗುತ್ತದೆ, ಇಲ್ಲಿ ಕೈ ಪಳಗಿಸಿಕೊಂಡವರು ಎಂಥವರು ಅಂತ.

ಅಂಥವರಲ್ಲಿ ಒಬ್ಬ ದಾಸೋಜ. ಅವನ ಮಗ ಚಾವಣ. ಇವರ ಹೆಸರು ನಮಗೆ ಗೊತ್ತಾಗುವುದು ಬಳ್ಳಿಗಾವೆಯಿಂದ ಅಲ್ಲ, ಇಲ್ಲಿಂದ ಸುಮಾರು 200 ಕಿಲೋಮೀಟರ್ ದೂರದ ಬೇಲೂರಿನಿಂದ.

1116ರಲ್ಲಿ ಹೊಯ್ಸಳ ವಿಷ್ಣುವರ್ಧನ ಚೋಳರಿಂದ ತಲಕಾಡು ಗೆದ್ದ. 1117ರಲ್ಲಿ ಬೇಲೂರಿನಲ್ಲಿ ಚೆನ್ನಕೇಶವನ ಪ್ರತಿಷ್ಠೆಯಾಯಿತು. ಕಾಗದದ ಮೇಲೆ ಅವನು ಇನ್ನೂ ಚಾಲುಕ್ಯ ಚಕ್ರವರ್ತಿಯ ಸಾಮಂತ; ಮನಸ್ಸಿನಲ್ಲಿ ಆಗಲೇ ಸ್ವತಂತ್ರ ಅರಸ. ಅವನಿಗೆ ತನ್ನ ಗುಡಿ ಎಲ್ಲರ ಗುಡಿಯನ್ನೂ ಮೀರಿಸಬೇಕಿತ್ತು. ಆಗ ಬೇರೆ ಬೇರೆ ಕಡೆಯ ಶಿಲ್ಪಿಗಳು ಬೇಲೂರಿಗೆ ಬಂದರು. ಬಳ್ಳಿಗಾವೆಯ ಅಪ್ಪ ಮಗನೂ ಹೋದರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಆನ್‌ಸೈಟ್! :-) ಆಗ ವೀಸಾ ಇರಲಿಲ್ಲ ನಿಜ, ಆದರೆ ಅದು ಬೇರೆ ಅರಸನ ನಾಡು. ಎತ್ತಿನ ಗಾಡಿಯಲ್ಲೋ ಕಾಲ್ನಡಿಗೆಯಲ್ಲೋ ಎಷ್ಟು ದಿನದ ದಾರಿ ಲೆಕ್ಕ ಹಾಕಿ.

ಅಲ್ಲಿ ಹೋಗಿ ಅವರು ಮಾಡಿದ ಕೆಲಸ ಏನು ಗೊತ್ತಾ? ಮದನಿಕೆಯರು.

ಬೇಲೂರಿಗೆ ಶಾಲೆಯ ಟ್ರಿಪ್ಪಿನಲ್ಲಿ ಹೋಗದವರು ನಮ್ಮಲ್ಲಿ ಕಡಿಮೆ. ಕಂಬದ ತಲೆಗೂ ಸೂರಿಗೂ ನಡುವೆ ಮುಂದಕ್ಕೆ ಬಾಗಿಸಿ ನಿಲ್ಲಿಸಿದ ಆ ಹೆಣ್ಣುಗಳು ಹೊರಗೆ 38, ಒಳಗೆ 4, ಒಟ್ಟು 42. ದೇವರಲ್ಲ, ದೇವಿಯರಲ್ಲ. ಕನ್ನಡಿ ನೋಡಿಕೊಳ್ಳುವವಳು, ಗಿಳಿಯ ಜೊತೆ ಮಾತಾಡುವವಳು, ಬೇಟೆಗೆ ಹೊರಟವಳು, ಕುಣಿಯುವವಳು, ಮಿಂದು ಕೂದಲು ಹಿಂಡಿಕೊಳ್ಳುವವಳು. ಕಾಲ ಬಳಿ ಪುಟ್ಟ ಪುಟ್ಟ ಸಖಿಯರು. ಒಳಗಿರುವ ಒಬ್ಬಳ ಕೈಬಳೆ ತಿರುಗುತ್ತದೆ ಅಂತ ಗೈಡುಗಳು ತೋರಿಸುತ್ತಾರೆ.

ಟ್ರಿಪ್ಪಿಗೆ ಹೋದಾಗ ನಾವು ಬಳೆ ನೋಡಿ, ಹಲಸಿನ ಹಣ್ಣಿನ ಮೇಲಿನ ನೊಣ ಹುಡುಕಿ ಬಂದಿರುತ್ತೇವೆ. ಇನ್ನೊಮ್ಮೆ ಹೋದರೆ ಬರೀ ತಲೆಗಳನ್ನು ನೋಡಿ. ಒಬ್ಬಳ ತುರುಬು ಪಕ್ಕಕ್ಕೆ ವಾಲಿದ ದೊಡ್ಡ ಉಂಡೆ. ಇನ್ನೊಬ್ಬಳ ಹಣೆಯ ಸುತ್ತ ಸಾಲಾಗಿ ಸುತ್ತಿಕೊಂಡ ಮುಂಗುರುಳು. ಮತ್ತೊಬ್ಬಳ ಮುಡಿಯ ಸುತ್ತ ಮುತ್ತಿನ ಎಳೆ. ಒಬ್ಬರ ಹಾಗೆ ಇನ್ನೊಬ್ಬರದಿಲ್ಲ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಬಿಟ್ಟ ಮೇಲೆ ಗಟ್ಟಿಯಾಗುತ್ತದೆ. ಅದಕ್ಕೇ ಇಷ್ಟು ನವಿರು ಕೆಲಸ ಸಾಧ್ಯವಾಯಿತು ಅನ್ನುತ್ತಾರೆ. ಕಲ್ಲು ಮೆತ್ತಗಿದ್ದರೆ ಸಾಕೇ? ಕೂದಲು ಹೇಗೆ ಬೀಳುತ್ತದೆ, ಎಲ್ಲಿ ಗಂಟು ಹಾಕಿದರೆ ನಿಲ್ಲುತ್ತದೆ, ಯಾವ ಮುಖಕ್ಕೆ ಯಾವ ಮುಡಿ ಒಪ್ಪುತ್ತದೆ ಅನ್ನುವುದು ಗೊತ್ತಿಲ್ಲದವನು ಇದನ್ನು ಕಡೆಯಲಾರ. ಆ ಕಾಲದಲ್ಲಿ ಸಿಂಗಾರ ಎನ್ನುವುದು ಶಾಸ್ತ್ರವೇ ಆಗಿತ್ತು. ಬೇಲೂರು ಗುಡಿಯಾದ ಹತ್ತು ಹನ್ನೆರಡು ವರ್ಷಕ್ಕೆ, 1129ರ ಹೊತ್ತಿಗೆ, ಚಾಲುಕ್ಯ ಅರಸ ಮೂರನೇ ಸೋಮೇಶ್ವರ ಬರೆದ 'ಮಾನಸೋಲ್ಲಾಸ'ದಲ್ಲಿ ಸ್ನಾನ, ಗಂಧಲೇಪನ, ಹೂಮಾಲೆ, ಒಡವೆಗಳಿಗೇ ಬೇರೆ ಬೇರೆ ಅಧ್ಯಾಯಗಳಿವೆ. ಚಕ್ರವರ್ತಿಯೇ ಕೂತು ಬರೆದ ವಿಷಯ!

ಈಗ ನನ್ನನ್ನು ತಟ್ಟಿದ ಸಂಗತಿಗೆ ಬರುತ್ತೇನೆ. ಭಾರತದ ಎಷ್ಟೋ ಗುಡಿಗಳನ್ನು ಕಟ್ಟಿದವರ ಹೆಸರು ನಮಗೆ ಗೊತ್ತಿಲ್ಲ. ಬೇಲೂರಿನಲ್ಲಿ ಹಾಗಲ್ಲ. ಅಲ್ಲಿ ವಿಗ್ರಹಗಳ ಪೀಠದಲ್ಲಿ ಶಿಲ್ಪಿಗಳು ತಮ್ಮ ಹೆಸರು ಕೆತ್ತಿದ್ದಾರೆ. ಬಿರುದು ಹೊತ್ತ ಬೇರೆ ಶಿಲ್ಪಿಗಳಿಗೆ ಸವಾಲು ಹಾಕುವಂಥ ಬಿರುದುಗಳನ್ನೂ ಹಾಕಿಕೊಂಡಿದ್ದಾರೆ. ಆರ್. ನರಸಿಂಹಾಚಾರ್ಯರು 1919ರಲ್ಲಿ ಈ ಗುಡಿಯ ಬಗ್ಗೆಯೇ ಒಂದು ಪುಸ್ತಕ ತಂದರು. ಹೆಸರಿರುವ ಮದನಿಕೆಯರಲ್ಲಿ ನಾಲ್ಕು ದಾಸೋಜನವು, ಐದು ಚಾವಣನವು. ದಾಸೋಜ ತನ್ನನ್ನು ಬಳ್ಳಿಗ್ರಾಮದವನು ಎಂದು ಹೇಳಿಕೊಳ್ಳುತ್ತಾನೆ. ಚಾವಣ ತನ್ನನ್ನು ದಾಸೋಜನ ಮಗ ಎಂದು ಹೇಳಿಕೊಳ್ಳುತ್ತಾನೆ.

ನಾವು ಕೋಡ್ ಬರೆಯುವಾಗ ಫೈಲಿನ ಮೇಲೆ ಹೆಸರು ಹಾಕುತ್ತೇವಲ್ಲ, ಹಾಗೆ. ವ್ಯತ್ಯಾಸ ಇಷ್ಟೇ. ನನ್ನ ಹೆಸರು ಮುಂದಿನ ವರ್ಷ ಯಾರೋ ಅಳಿಸುತ್ತಾರೆ, ಇವರದ್ದು 900 ವರ್ಷ ಉಳಿದಿದೆ. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೋ ಪಟ್ಟಿಗೆ ಸೇರಿದವು. ಆ ಪಟ್ಟಿಯಲ್ಲಿ ನಮ್ಮ ಶಿಕಾರಿಪುರ ತಾಲ್ಲೂಕಿನ ಪಾಲೂ ಇದೆ ಅಂತ ಹೇಳಿದರೆ ತಪ್ಪಾಗಲಾರದು. ಆದರೂ ನಾವು ಮಕ್ಕಳಿಗೆ ಹೇಳುವುದು ಜಕಣಾಚಾರಿಯ ಕಥೆ. ಕಥೆ ಚೆಂದವೇ. ಆದರೆ ಕೈಯಾರೆ ಹೆಸರು ಕೆತ್ತಿಟ್ಟು ಹೋದವನನ್ನು ಕೇಳುವವರಿಲ್ಲ. ಬಳ್ಳಿಗಾವೆಗೆ ಹೋಗುವಾಗ ದಾರಿಯಲ್ಲಿ ಚಹಾ ಕುಡಿದ ಅಂಗಡಿಯಲ್ಲಿ ಕೇಳಿದೆ. ಶಾಂತಲೆ ಇದೇ ಊರಿನವಳು ಅಂತ ಹೆಮ್ಮೆಯಿಂದ ಹೇಳಿದರು. ದಾಸೋಜ ಯಾರು ಅಂತ ನನ್ನನ್ನೇ ತಿರುಗಿ ಕೇಳಿದರು.

ಹಾಗೆ ನೋಡಿದರೆ ಊರು ಬಿಟ್ಟು ಹೊರಗೆ ಹೋಗುವುದು ಈ ಕಡೆಯವರಿಗೆ ಹೊಸದೇ ಅಲ್ಲ. ಪಕ್ಕದ ತಾಳಗುಂದದ ಮಯೂರಶರ್ಮ ಓದಲು ಕಂಚಿಗೆ ಹೋದ, ಅಲ್ಲಿ ಅವಮಾನವಾಗಿ ತಿರುಗಿ ಬಂದು ಕದಂಬ ರಾಜ್ಯ ಕಟ್ಟಿದ. ತಾಳಗುಂದದ ಕಂಬದ ಶಾಸನವೇ ಅದನ್ನು ಹೇಳುತ್ತದೆ. ದಾಸೋಜನ ನಂತರದ ತಲೆಮಾರುಗಳಲ್ಲಿ ಬಳ್ಳಿಗಾವೆಯ ಅಲ್ಲಮ, ಉಡುತಡಿಯ ಅಕ್ಕಮಹಾದೇವಿ ಇಬ್ಬರೂ ಕಲ್ಯಾಣಕ್ಕೆ ಹೋದರು. ಎರಡೂ ನಮ್ಮ ತಾಲ್ಲೂಕಿನ ಊರುಗಳೇ. ಶೂನ್ಯಸಂಪಾದನೆಯಲ್ಲಿ ಇವರಿಬ್ಬರ ಭೇಟಿ ಬರುತ್ತದೆ. ಅಲ್ಲಿ ಅಲ್ಲಮ ಅಕ್ಕನನ್ನು ಕೇಳುವ ಪ್ರಶ್ನೆಗಳಲ್ಲಿ ಒಂದು ಯಾವುದರ ಬಗ್ಗೆ ಅಂದುಕೊಂಡಿರಿ? ಕೂದಲಿನ ಬಗ್ಗೆ! ಬಟ್ಟೆ ಬಿಟ್ಟವಳು ಕೂದಲಲ್ಲಿ ಮೈ ಮರೆಸಿಕೊಂಡಿದ್ದೇಕೆ ಅಂತ. ನೋಡಿದವರಿಗೆ ನೋವಾಗದಿರಲಿ ಎಂದು ಎನ್ನುವ ಅರ್ಥದಲ್ಲಿ ಅವಳು ಉತ್ತರಿಸುತ್ತಾಳೆ. ಒಂದೇ ಸೀಮೆಯಿಂದ ಹೋದವರಲ್ಲಿ ಒಬ್ಬ ಹೆಣ್ಣಿನ ಮುಡಿಯನ್ನು ಕಲ್ಲಿನಲ್ಲಿ ಸಿಂಗರಿಸಿದ. ಒಬ್ಬಳು ಎಲ್ಲ ಸಿಂಗಾರ ಬಿಟ್ಟು ಮುಡಿ ಬಿಚ್ಚಿ ಹೊರಟಳು. ಇಬ್ಬರೂ ಕೂದಲನ್ನು ಹಗುರವಾಗಿ ಕಂಡವರಲ್ಲ.

ಆ ಕಲ್ಯಾಣದಲ್ಲೇ ಹಡಪದ ಅಪ್ಪಣ್ಣ ಇದ್ದ, ಬಸವಣ್ಣನ ತೀರಾ ಹತ್ತಿರದವನು. ಕ್ಷೌರದ ವೃತ್ತಿಯ ಹಡಪದ ಸಮಾಜ ಇವತ್ತಿಗೂ ಅವನನ್ನು ತನ್ನ ಮೂಲಪುರುಷ ಅಂತ ನೆನೆಯುತ್ತದೆ. ಕಾಯಕದಲ್ಲಿ ಮೇಲು ಕೀಳಿಲ್ಲ ಅಂತ ಬಸವ ಜಯಂತಿಯ ದಿನ ಭಾಷಣ ಕೇಳಿ ಚಪ್ಪಾಳೆ ಹೊಡೆಯುತ್ತೇವೆ. ಮದುವೆ ಮನೆಯ ಪಂಕ್ತಿಯಲ್ಲಿ ಮಾತ್ರ "ಕಂಪ್ಯೂಟರ್" ಅನ್ನುತ್ತೇವೆ. ನಿಜ ಹೇಳಬೇಕೆಂದರೆ ಚಿಕ್ಕಪ್ಪನ ಭಯ ಕೂದಲಿನದ್ದಲ್ಲ. ಅದು ಜಾತಿಯದ್ದು. 'ಅವರ' ಕೆಲಸವನ್ನು ನಮ್ಮ ಹುಡುಗಿ ಮಾಡುತ್ತಿದ್ದಾಳೆ ಅನ್ನುವುದು. ಇದನ್ನು ಬರೆಯಲು ನನಗೂ ಮುಜುಗರ, ಆದರೆ ಬರೆಯದೆ ಬಿಟ್ಟರೆ ಈ ಲೇಖನಕ್ಕೆ ಅರ್ಥವಿಲ್ಲ.

ಸೊರಬದ ವಿಷಯ ಹೇಳದಿದ್ದರೆ ಊರಿನವರು ಬಿಡುವುದಿಲ್ಲ :-) ಸೊರಬ, ಸಾಗರದ ಗುಡಿಗಾರರ ಗಂಧದ ಕೆತ್ತನೆ ನಿಮಗೆಲ್ಲ ಗೊತ್ತು. ಅವರ ಹಿರಿಯರು ಗೋವೆ ಕಡೆಯಿಂದ ವಲಸೆ ಬಂದವರು ಅನ್ನುವ ಹೇಳಿಕೆಯಿದೆ. ಬ್ರಿಟಿಷರ ಕಾಲದಲ್ಲೇ ಅವರು ಕೆತ್ತಿದ ಗಂಧದ ಪೆಟ್ಟಿಗೆಗಳು ದೊಡ್ಡ ದೊಡ್ಡ ವಸ್ತುಪ್ರದರ್ಶನಗಳಿಗೆ ಹೋಗುತ್ತಿದ್ದವು. ಆದರೆ ಗುಡಿಗಾರರ ಇನ್ನೊಂದು ಕೆಲಸ ಸಿಂಗಾರದ್ದು. ಬೆಂಡಿನಿಂದ ಮದುಮಕ್ಕಳ ಬಾಸಿಂಗ ಮಾಡುವವರು ಅವರೇ. ಹಗುರ ಮರದಲ್ಲಿ ಯಕ್ಷಗಾನದ ಕಿರೀಟ, ಭುಜಕೀರ್ತಿ ಮಾಡುವವರೂ ಅವರಲ್ಲಿದ್ದಾರೆ. ನಾನು ಪಾಯಸ ಉಂಡ ಮದುವೆಯಲ್ಲೂ ಹುಡುಗಿಯ ಹಣೆಯ ಮೇಲೆ ಬೆಂಡಿನ ಬಾಸಿಂಗ, ಬೆನ್ನ ಮೇಲೆ ಮೊಗ್ಗಿನ ಜಡೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಎರಡು ತಾಸು ಕೂತು ಆ ಜಡೆ ಹೆಣೆದ ದೊಡ್ಡಮ್ಮನನ್ನು ಎಲ್ಲರೂ ಹೊಗಳಿದರು, "ಏನು ಕೈ ಕಣೆ ನಿಂದು" ಅಂತ. ಅದೇ ಕೆಲಸಕ್ಕೆ ಮಿಲಾನಿನಲ್ಲಿ ಸಂಬಳ ಕೊಟ್ಟರೆ ಅದು ಹೇಳಿಕೊಳ್ಳಬಾರದ ಕೆಲಸ ಆಗುತ್ತದೆಯೇ?

ತಂಗಿ ಹೇಳಿದ ಪ್ರಕಾರ ಫ್ಯಾಶನ್ ಶೋಗಳಲ್ಲಿ ಒಬ್ಬ ಮುಖ್ಯ ಕಲಾವಿದ ಆ ದಿನದ ಮುಡಿ, ಮುಖ ಹೇಗಿರಬೇಕು ಅಂತ ತೀರ್ಮಾನಿಸುತ್ತಾನೆ. ಉಳಿದವರು ಹತ್ತಾರು ಮಾಡೆಲ್‌ಗಳ ಮೇಲೆ ಅದನ್ನೇ ಮೂಡಿಸಬೇಕು. ಗಂಟೆಗಟ್ಟಲೆ ನಿಂತೇ ಕೆಲಸ. ಶೋ ಮುಗಿಯುವುದು ಹತ್ತು ಹದಿನೈದು ನಿಮಿಷಕ್ಕೆ. ಆಮೇಲೆ ಎಲ್ಲ ಬಿಚ್ಚಿ ತೊಳೆದರೆ ಅವಳ ಕೆಲಸ ನೀರಲ್ಲಿ ಹೋಯಿತು. ಹೆಸರು ಬರುವುದು ಮುಖ್ಯ ಕಲಾವಿದನದು. ದಾಸೋಜನಿಗೆ ಕಲ್ಲಾದರೂ ಇತ್ತು.

ಬಳ್ಳಿಗಾವೆಯಿಂದ ಬಂದ ಸಂಜೆ ಅವಳಿಗೆ ಒಬ್ಬ ಮದನಿಕೆಯ ಫೋಟೋ ಕಳಿಸಿದೆ, ಬರೀ ತಲೆಯ ಭಾಗ ದೊಡ್ಡದು ಮಾಡಿ. ಕೂಡಲೇ ಫೋನ್ ಬಂತು. "ಅಣ್ಣಾ, ಇದು ಬರೀ ಕೂದಲಲ್ಲಿ ಇಷ್ಟು ದಪ್ಪ ಬರಲ್ಲ. ಒಳಗೆ ಏನೋ ತುಂಬಿ ಕಟ್ಟಿದಾರೆ. ನಾವೂ ಹಂಗೇ ಮಾಡೋದು. ಯಾರು ಮಾಡಿದ್ದು ಇದು?" ಕಲ್ಲು ಅನ್ನುವುದೇ ಅವಳಿಗೆ ಮರೆತುಹೋಗಿತ್ತು! ಸ್ಪೀಕರ್ ಹಾಕಿದ್ದೆ, ಚಿಕ್ಕಪ್ಪ ಅಲ್ಲೇ ಜಗಲಿಯಲ್ಲಿ ಅಡಿಕೆ ಕತ್ತರಿಸುತ್ತಿದ್ದರು. ದಾಸೋಜನ ಕಥೆ ಹೇಳಿದೆ. ಅವನ ಮಗ ಪರ ಊರಿನ ಕಲ್ಲಿನಲ್ಲಿ ಅಪ್ಪನ ಹೆಸರು ಬರೆದದ್ದೂ ಹೇಳಿದೆ. ಚಿಕ್ಕಪ್ಪ ಅಡಿಕೆ ಕತ್ತರಿಸುವುದು ನಿಲ್ಲಿಸಿದರು, ಆದರೆ ಏನೂ ಅನ್ನಲಿಲ್ಲ.

ಮೊನ್ನೆ ಊರಿಗೆ ಫೋನ್ ಮಾಡಿದಾಗ ಚಿಕ್ಕಮ್ಮ ಹೇಳಿದರು. ಯಾರೋ ಮನೆಗೆ ಬಂದಿದ್ದರಂತೆ, ಮಗಳು ಎಂತ ಮಾಡ್ತಾಳೆ ಅಂತ ಕೇಳಿದರಂತೆ. ಚಿಕ್ಕಪ್ಪ ಒಂದು ಗಳಿಗೆ ತಡೆದು, "ಇಟಲಿಯಲ್ಲಿ ಸಿಂಗಾರದ ಕೆಲಸ" ಅಂದರಂತೆ.

ಕಂಪ್ಯೂಟರ್ ಅನ್ನಲಿಲ್ಲ. ನನಗೆ ಅಷ್ಟು ಸಾಕು.