ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್: ಮೊದಲ ತೊಡಕುಗಳು, ಪರಿಹಾರಗಳು

ತಮಿಳುನಾಡು ಸರ್ಕಾರವು 2011ರಿಂದ ವಿದ್ಯಾರ್ಥಿಗಳಿಗೆ ಉಚಿತವಾಗಿ ವಿತರಿಸಿದ ಹಲವು ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ಜೊತೆಗೆ, ಸಿ-ಡ್ಯಾಕ್ ರೂಪಿಸಿದ ಬಾಸ್ ಲಿನಕ್ಸ್ ಕೂಡ ಇತ್ತು. ಅಂತಹ ಯಂತ್ರಗಳು ತಾಳವಾಡಿ ಬೆಟ್ಟಸೀಮೆಯ ನಮ್ಮ ಮನೆಗಳಲ್ಲಿ ಮೂಲೆ ಸೇರಿದ್ದರೆ, ಹೊಸ ಲಿನಕ್ಸ್ ಅಳವಡಿಸಿ ಮಕ್ಕಳ ಕನ್ನಡ ಬರವಣಿಗೆಗೆ ಒದಗಿಸಿಕೊಳ್ಳಬಹುದು.

ಆರಂಭಕ್ಕೆ ಮುನ್ನ: ಡಿಸ್ಕ್ ಅಳಿಸುವ ಆಯ್ಕೆಯಿಂದ ಹಳೆಯ ಕಡತಗಳೆಲ್ಲ ನಾಶವಾಗುತ್ತವೆ. ಪ್ರಮಾಣಪತ್ರ, ಭಾವಚಿತ್ರಗಳನ್ನು ಮೊದಲೇ ಬೇರೆಡೆ ನಕಲಿಸಿಡಬೇಕು.

ಪೆನ್‌ಡ್ರೈವ್‌ನಿಂದ ಯಂತ್ರ ಏಳದಿದ್ದರೆ: ಐಎಸ್‌ಒ ಕಡತವನ್ನು ಬರಿದೆ ನಕಲಿಸಿದರೆ ಸಾಲದು, ರುಫಸ್‌ನಂತಹ ತಂತ್ರಾಂಶದಿಂದ ಬರೆಯಬೇಕು. ಬಳಿಕ ಬಯಾಸ್‌ನ ಬೂಟ್ ಕ್ರಮದಲ್ಲಿ ಯುಎಸ್‌ಬಿಯನ್ನು ಮೊದಲಿಗೆ ತರಬೇಕು.

ವೈಫೈ ಕಾಣದಿದ್ದರೆ: ಮೊಬೈಲನ್ನು ಕೇಬಲಿನಿಂದ ಜೋಡಿಸಿ, ಯುಎಸ್‌ಬಿ ಟೆಥರಿಂಗ್ ಮೂಲಕ ಬೇಕಾದ ಫರ್ಮ್‌ವೇರ್ ಇಳಿಸಿಕೊಳ್ಳಬೇಕು.

ಕನ್ನಡದ ಬದಲು ಚೌಕಗಳು ಕಂಡರೆ: ಅಕ್ಷರಶೈಲಿ ಇಲ್ಲವೆಂದರ್ಥ. ಲೋಹಿತ್, ಗುಬ್ಬಿ ಅಥವಾ ನವಿಲು ಶೈಲಿಯನ್ನು ಹಾಕಿಕೊಳ್ಳಬೇಕು. ಬರೆಯಲು ಕೀಲಿಮಣೆ ವಿನ್ಯಾಸಗಳ ಪಟ್ಟಿಯಲ್ಲಿ ಕನ್ನಡವನ್ನು ಸೇರಿಸಬೇಕು. ಇನ್‌ಸ್ಕ್ರಿಪ್ಟ್, ಕಗಪ ಎರಡೂ ದೊರೆಯುತ್ತವೆ.

ಗಡಿನಾಡಿನ ನಮಗೆ ಈ ಕೊನೆಯ ಹೆಜ್ಜೆಯೇ ಮುಖ್ಯ. ಡೆಬಿಯನ್‌ನ ಚಿತ್ರರೂಪದ ಅನುಸ್ಥಾಪನೆಯನ್ನು ಕನ್ನಡದಲ್ಲಿಯೇ ನಡೆಸಬಹುದು. ಯಂತ್ರವು ಭಾಷೆ ಯಾವುದೆಂದು ಕೇಳಿದಾಗ ನಾವು ಕನ್ನಡವನ್ನೇ ಆರಿಸೋಣ.