ಮಾಂಟ್‌ಗೊಮೆರಿ ಸೀಮೆಯ ಕಲ್ಲು, ಮರ, ಡೇರೆ

ವೇಲ್ಸಿನ ನಡುಭಾಗದಲ್ಲಿ, ಇಂಗ್ಲೆಂಡಿನ ಗಡಿಗೆ ಒತ್ತಿಕೊಂಡು ಮಾಂಟ್‌ಗೊಮೆರಿಶೈರ್ ಎಂಬ ಹಳೆಯ ಕೌಂಟಿಯಿದೆ. ಆಡಳಿತದ ಲೆಕ್ಕದಲ್ಲಿ ಅದು 1974ರಲ್ಲಿ ನೆರೆಯ ಎರಡು ಕೌಂಟಿಗಳ ಜೊತೆ ಸೇರಿ ಪೊವಿಸ್ ಆಯಿತು. ಜನರ ಬಾಯಲ್ಲಿ ಹಳೆಯ ಹೆಸರು ಉಳಿದುಕೊಂಡಿದೆ. ಪ್ಲಿನ್‌ಲಿಮನ್ ಬೆಟ್ಟದಿಂದ ಇಳಿದು ಬರುವ ಸೆವರ್ನ್ ನದಿ, ಎರಡೂ ದಡದ ಹುಲ್ಲುಗಾವಲು, ಕಣ್ಣು ಹಾಯಿಸಿದಲ್ಲೆಲ್ಲ ಕುರಿ, ಅಲ್ಲೊಂದು ಇಲ್ಲೊಂದು ಸಂತೆಪೇಟೆ. ಪಶ್ಚಿಮದ ಸಮುದ್ರತೀರಕ್ಕೆ ಹೋಗುವ ಪ್ರವಾಸಿಗರು ಈ ಸೀಮೆಯನ್ನು ಸುಮ್ಮನೆ ದಾಟಿಬಿಡುತ್ತಾರೆ. ದಾಟಬಾರದು. ಇಲ್ಲಿನ ಒಂದೊಂದು ಚರ್ಚು, ಒಂದೊಂದು ಬಂಗಲೆಯ ಮುಂದೆ ನಿಂತು ‘ಇದು ಎಲ್ಲಿಂದ ಬಂತು?’ ಎಂದು ಕೇಳಬೇಕು. ಸಿಗುವ ಉತ್ತರಗಳಲ್ಲಿ ಒಂದು ನಮ್ಮನ್ನು ನೆಟ್ಟಗೆ ಶ್ರೀರಂಗಪಟ್ಟಣಕ್ಕೆ ಕರೆತರುತ್ತದೆ.

ಸೆವರ್ನ್ ನದಿಯ ದಂಡೆಯ ಮೊದಲ ಪಟ್ಟಣ ಲಾನಿಡ್ಲಾಯ್ಸ್. ನಾಲ್ಕು ಬೀದಿ ಕೂಡುವಲ್ಲಿ, ವಾಹನಗಳು ಸುತ್ತಿಕೊಂಡೇ ಹೋಗಬೇಕಾದಂತೆ, ಒಂದು ಮಾರುಕಟ್ಟೆ ಕಟ್ಟಡ ನಿಂತಿದೆ. 17ನೇ ಶತಮಾನದ ಆರಂಭದ್ದು. ಕೆಳಗೆ ದಪ್ಪ ಓಕ್ ಕಂಬಗಳ ನಡುವೆ ವ್ಯಾಪಾರಕ್ಕೆ ಬಿಟ್ಟ ತೆರೆದ ಜಾಗ, ಮೇಲೊಂದು ಕೋಣೆ. ಮರದ ಚೌಕಟ್ಟು ಕಪ್ಪು, ನಡುವಿನ ಗೋಡೆ ಬಿಳಿ. ಈ ಕೌಂಟಿಯ ಹಳೆಯ ತೋಟದ ಮನೆಗಳಲ್ಲಿ ಅನೇಕವು ಇದೇ ಬಗೆಯವು. ಓಕ್ ಚೌಕಟ್ಟು ನಿಲ್ಲಿಸಿ, ಸಂದಿನಲ್ಲಿ ಕಡ್ಡಿ ಹೆಣೆದು, ಮಣ್ಣು ಮೆತ್ತಿ, ಸುಣ್ಣ ಬಳಿಯುತ್ತಿದ್ದರು. ಮಲೆನಾಡಿನ ತಡಿಕೆ ಗೋಡೆ ನೋಡಿದವರಿಗೆ ಬೇರೆ ವಿವರಣೆ ಬೇಡ. ವೇಲ್ಸಿನಲ್ಲಿ ಕಟ್ಟಿದ ಜಾಗದಲ್ಲೇ ಉಳಿದಿರುವ ಇಂಥ ಮರದ ಮಾರುಕಟ್ಟೆ ಇದೊಂದೇ.

ಅದೇ ಊರಿನ ಚರ್ಚಿನ ಕಥೆ ಬೇರೆ. ಒಳಗೆ ಐದು ಅಂಕಣಗಳ ಕಲ್ಲಿನ ಕಮಾನುಸಾಲು ಇದೆ. ಇಷ್ಟು ಸಣ್ಣ ಊರಿಗೆ ಇಷ್ಟು ನುರಿತ ಕೈಗೆಲಸ ಎಲ್ಲಿಂದ ಬಂತು ಎಂದರೆ, ದಕ್ಷಿಣದ ಕಣಿವೆಯಲ್ಲಿದ್ದ ಕುಮ್‌ಹೀರ್ ಮಠದಿಂದ. ಎಂಟನೇ ಹೆನ್ರಿ ಮಠಗಳನ್ನೆಲ್ಲ ಮುಚ್ಚಿಸಿದ ಮೇಲೆ, 1542ರ ಸುಮಾರಿಗೆ, ಊರವರು ಆ ಕಮಾನುಗಳನ್ನು ಬಿಚ್ಚಿ ತಂದು ಇಲ್ಲಿ ಜೋಡಿಸಿದರು. ವೇಲ್ಸಿನ ಕೊನೆಯ ಸ್ವತಂತ್ರ ರಾಜಕುಮಾರ ಲ್ಯೂವೆಲಿನ್‌ನ ರುಂಡವಿಲ್ಲದ ದೇಹವನ್ನು 1282ರಲ್ಲಿ ಹೂತದ್ದು ಕುಮ್‌ಹೀರ್‌ನಲ್ಲೇ ಎನ್ನುತ್ತಾರೆ. ಅಲ್ಲಿ ಈಗ ಉಳಿದಿರುವುದು ಮೋಟು ಗೋಡೆಗಳು. ಮಠದ ಅಂದ ನೋಡಬೇಕಾದವರು ಲಾನಿಡ್ಲಾಯ್ಸ್‌ಗೇ ಬರಬೇಕು.

ಉತ್ತರಕ್ಕೆ, ಬರ್ವಿನ್ ಬೆಟ್ಟಗಳ ಬುಡದಲ್ಲಿ ದಾರಿ ಮುಗಿಯುವ ಕಡೆ ಪೆನ್ನಂಟ್ ಮೆಲಾಂಗೆಲ್ ಇದೆ. ದುಂಡನೆಯ ಚರ್ಚಂಗಳ, ಸುತ್ತ ಬಲು ಪ್ರಾಚೀನವಾದ ಯೂ ಮರಗಳು, ನಡುವೆ ಒಂದು ಗಿಡ್ಡ ಚರ್ಚು. ಬ್ರೋಕ್‌ವೆಲ್ ಎಂಬ ರಾಜಕುಮಾರ ಬೇಟೆಗೆ ಬಂದಾಗ, ಅಟ್ಟಿಸಿಕೊಂಡು ಬಂದ ಮೊಲವೊಂದು ಇಲ್ಲಿ ತಪಸ್ವಿನಿಯಾಗಿದ್ದ ಮೆಲಾಂಗೆಲ್‌ಳ ಲಂಗದ ಮರೆ ಹೊಕ್ಕಿತಂತೆ. ನಾಯಿಗಳು ಹೆದರಿ ಹಿಂದೆ ಸರಿದವಂತೆ. ರಾಜಕುಮಾರ ಆ ಕಣಿವೆಯನ್ನೇ ಅವಳಿಗೆ ಉಂಬಳಿ ಬಿಟ್ಟನಂತೆ. ಮೊಲಗಳನ್ನು ಈ ಸೀಮೆಯವರು ‘ಮೆಲಾಂಗೆಲ್‌ಳ ಕುರಿಮರಿ’ ಎಂದು ಕರೆಯುತ್ತಿದ್ದರು, ಬಹಳ ಕಾಲ ಕೊಲ್ಲುತ್ತಿರಲಿಲ್ಲ. ಚರ್ಚಿನೊಳಗಿನ ಮರದ ಅಡ್ಡತೆರೆಯ ಮೇಲೆ ಈ ಕಥೆಯ ಕೆತ್ತನೆಯಿದೆ: ರಾಜಕುಮಾರ, ಸಂತಳು, ಅವಳೆಡೆಗೆ ಓಡುವ ಗೇಣುದ್ದವೂ ಇಲ್ಲದ ಮೊಲ.

12ನೇ ಶತಮಾನದಲ್ಲಿ ಅವಳ ಸಮಾಧಿಯ ಮೇಲೆ ಕಲ್ಲಿನ ಮಂಟಪ ಕಟ್ಟಿದ್ದರು. ಧರ್ಮಸುಧಾರಣೆಯ ಕಾಲದಲ್ಲಿ ಅದನ್ನು ಕೆಡವಲಾಯಿತು. ಆದರೆ ಎಲೆ ಬಳ್ಳಿ ಕೆತ್ತಿದ ಆ ಕಲ್ಲುಗಳು ಹಾಳಾಗಲಿಲ್ಲ. ಚರ್ಚಿನ ಗೋಡೆಯಲ್ಲಿ, ಅಂಗಳದ ಬಾಗಿಲುಮಾಡಿನಲ್ಲಿ ಸೇರಿಕೊಂಡು ನಾಲ್ಕು ಶತಮಾನ ಉಳಿದವು. 1958ರಲ್ಲಿ ಅವನ್ನು ಒಂದೊಂದಾಗಿ ಬಿಡಿಸಿ ಮತ್ತೆ ಮಂಟಪ ಕಟ್ಟಿದರು. ಹೊಸ ಕಲ್ಲು ಯಾವುದು, ಹಳೆಯದು ಯಾವುದು ಎಂದು ಬರಿಗಣ್ಣಿಗೇ ತಿಳಿಯುತ್ತದೆ. ಜೀರ್ಣೋದ್ಧಾರದ ಹೆಸರಿನಲ್ಲಿ ಎಲ್ಲವನ್ನೂ ಒಂದೇ ಬಣ್ಣಕ್ಕೆ ತರುವ ನಮ್ಮ ಊರುಗಳ ಉತ್ಸಾಹಿಗಳು ನೋಡಬೇಕಾದ ಕೆಲಸ ಇದು.

ಗ್ರೆಗಿನಾಗ್ ಬಂಗಲೆ ದೂರಕ್ಕೆ ಅಪ್ಪಟ ಕಪ್ಪುಬಿಳಿಯ ಮರದ ಮನೆ. ಹತ್ತಿರ ಹೋದರೆ ಅದು ಮರವೇ ಅಲ್ಲ. 19ನೇ ಶತಮಾನದಲ್ಲಿ ಕಾಂಕ್ರೀಟಿನಲ್ಲಿ ಎರಕ ಹೊಯ್ದು, ಮರದ ಹಾಗೆ ಬಣ್ಣ ಹಚ್ಚಿದ ಮುಖ ಅದು. 1920ರಲ್ಲಿ ಈ ಮನೆ ಗ್ವೆಂಡಲಿನ್ ಮತ್ತು ಮಾರ್ಗರೆಟ್ ಡೇವಿಸ್ ಎಂಬ ಅಕ್ಕತಂಗಿಯರ ಕೈಗೆ ಬಂತು. ಇವರ ಅಜ್ಜ ಡೇವಿಡ್ ಡೇವಿಸ್ ಇದೇ ಕೌಂಟಿಯ ಲಾಂಡಿನಾಮ್‌ನಲ್ಲಿ ಮರ ಕೊಯ್ಯುತ್ತಿದ್ದವನು, ಮುಂದೆ ರೈಲುದಾರಿ ಕಟ್ಟಿ, ದಕ್ಷಿಣ ವೇಲ್ಸಿನ ಕಲ್ಲಿದ್ದಲು ಗಣಿಗಳ ಒಡೆಯನಾದ. ಗಣಿಯ ದುಡ್ಡಿನಲ್ಲಿ ಮೊಮ್ಮಕ್ಕಳು ಮೊನೆ, ರೆನ್ವಾ, ಸೆಜಾನ್‌ರ ಚಿತ್ರಗಳನ್ನು ಕೊಂಡರು; 1922ರಲ್ಲಿ ಮನೆಯಲ್ಲೇ ಮುದ್ರಣಾಲಯ ತೆರೆದು, 1940ರ ತನಕ 42 ಪುಸ್ತಕಗಳನ್ನು ಅಚ್ಚುಕಟ್ಟಾಗಿ ಅಚ್ಚು ಹಾಕಿಸಿದರು. ಚಿತ್ರಗಳು ಕಾರ್ಡಿಫ್‌ನ ರಾಷ್ಟ್ರೀಯ ಸಂಗ್ರಹಾಲಯಕ್ಕೆ ಹೋದವು, ಮನೆ ವೇಲ್ಸ್ ವಿಶ್ವವಿದ್ಯಾಲಯಕ್ಕೆ. ಗಣಿಯಲ್ಲಿ ದುಡಿದವರ ಬೆವರು ಇಷ್ಟರಮಟ್ಟಿಗಾದರೂ ಜನರಿಗೆ ಮರಳಿತು ಎಂಬುದು ಸಮಾಧಾನದ ಸಂಗತಿ.

ವರ್ನ್ವಿ ಕೆರೆಯಲ್ಲಿ ನೀರಿನಿಂದ ಎದ್ದು ನಿಂತ ಚೂಪು ಶಿಖರದ ಗೋಪುರವನ್ನು ಎಲ್ಲರೂ ಚಿತ್ರ ತೆಗೆಯುತ್ತಾರೆ. ಲಿವರ್‌ಪೂಲಿಗೆ ಕುಡಿಯುವ ನೀರು ಸೋಸಿ ಕಳಿಸುವ ಗೋಪುರ ಅದು. 1880ರ ದಶಕದಲ್ಲಿ ಅಲ್ಲಿ ಕಲ್ಲಿನ ಅಣೆಕಟ್ಟು ಎದ್ದಾಗ ಲಾನ್ವುದಿನ್ ಎಂಬ ಊರು ಮುಳುಗಿತು: ಒಂದು ಚರ್ಚು, ಎರಡು ಪ್ರಾರ್ಥನಾ ಮಂದಿರ, 37 ಮನೆ, 10 ತೋಟದ ಮನೆ. ಸತ್ತವರ ಅಸ್ಥಿಗಳನ್ನೂ ಅಗೆದು ಹೊಸ ಚರ್ಚಿನ ಅಂಗಳಕ್ಕೆ ಸಾಗಿಸಿದರು. ಲಿಂಗನಮಕ್ಕಿಯ ಹಿನ್ನೀರು ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ.

ಇನ್ನು ಪೊವಿಸ್ ಕೋಟೆ. ವೆಲ್ಶ್‌ಪೂಲ್ ಪಟ್ಟಣದ ಪಕ್ಕದ ಬಂಡೆಯ ದಿಣ್ಣೆಯ ಮೇಲೆ ಕೆಂಪು ಮರಳುಗಲ್ಲಿನ ಕೋಟೆ; ವೇಲ್ಸ್ ಭಾಷೆಯಲ್ಲಿ ಅದಕ್ಕೆ ಕೆಂಪು ಕೋಟೆ ಎಂದೇ ಹೆಸರು. 13ನೇ ಶತಮಾನದಲ್ಲಿ ವೇಲ್ಸಿನ ಸ್ಥಳೀಯ ಅರಸರು ಕಟ್ಟಿದ್ದು, 1587ರಲ್ಲಿ ಹರ್ಬರ್ಟ್ ಮನೆತನ ಕೊಂಡುಕೊಂಡಿತು. ಕೋಟೆಯ ಕೆಳಗೆ ಮೆಟ್ಟಿಲುಮೆಟ್ಟಿಲಾಗಿ ಇಳಿಯುವ ಉದ್ಯಾನ, ಮೋಡದಂತೆ ಉಬ್ಬಿದ ಯೂ ಮರಗಳು. 18ನೇ ಶತಮಾನದ ಹೊತ್ತಿಗೆ ಮನೆತನಕ್ಕೆ ಸಾಲದ ಹೊರೆಯಿತ್ತು. 1784ರಲ್ಲಿ ಆ ಮನೆಯ ಹೆನ್ರಿಯೆಟಾಳನ್ನು ಪ್ಲಾಸಿಯ ರಾಬರ್ಟ್ ಕ್ಲೈವ್‌ನ ಮಗ ಎಡ್ವರ್ಡ್ ಮದುವೆಯಾದ. ಭಾರತದ ಹಣ ಪೊವಿಸ್‌ಗೆ ಹೊಕ್ಕದ್ದು ಹೀಗೆ.

1798ರಲ್ಲಿ ಎಡ್ವರ್ಡ್ ಮದರಾಸಿನ ಗವರ್ನರ್ ಆಗಿ ಬಂದ. ಮರುವರ್ಷ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಚಿನ್ನದ ತಗಡು ಹೊದಿಸಿದ ಸಿಂಹಾಸನವನ್ನು ಲೂಟಿಯ ಪಾಲಿಗಾಗಿ ತುಂಡು ಮಾಡಿದರು. ಅದರ ಕಟಾಂಜನಕ್ಕಿದ್ದ ರತ್ನಖಚಿತ ಹುಲಿಮುಖಗಳಲ್ಲೊಂದು ಈಗ ಪೊವಿಸ್‌ನಲ್ಲಿದೆ. 1800ರಲ್ಲಿ ಹೆನ್ರಿಯೆಟಾ ಇಬ್ಬರು ಹೆಣ್ಣುಮಕ್ಕಳೊಂದಿಗೆ ಮದರಾಸಿನಿಂದ ಹೊರಟು ಬೆಂಗಳೂರು, ಶ್ರೀರಂಗಪಟ್ಟಣ ನೋಡಿಬಂದಳು. ಮಕ್ಕಳಿಗೆ ಪಾಠ ಹೇಳಲು ಜೊತೆಗಿದ್ದ ಇಟಲಿಯ ಚಿತ್ರಕಾರ್ತಿ ಅನ್ನಾ ಟೊನೆಲಿ, ಸಿಂಹಾಸನದ ಮೇಲೆ ಕುಳಿತ ಟಿಪ್ಪುವಿನ ಚಿತ್ರ ಬರೆದಳು. ಆ ಹೊತ್ತಿಗೆ ದೊರೆಯೂ ಇರಲಿಲ್ಲ, ಸಿಂಹಾಸನವೂ ಇರಲಿಲ್ಲ.

ಕೋಟೆಯ ಕ್ಲೈವ್ ಸಂಗ್ರಹಾಲಯದಲ್ಲಿ 300ಕ್ಕೂ ಮಿಕ್ಕಿದ ವಸ್ತುಗಳಿವೆ. ಅವುಗಳಲ್ಲಿ ಹುಲಿಮುಖಕ್ಕಿಂತ ದೊಡ್ಡದು ಟಿಪ್ಪುವಿನ ಡೇರೆ ಎಂಬುದು ನನ್ನ ಎಣಿಕೆ. ಬಿಳಿಯ ಹತ್ತಿಬಟ್ಟೆಯ ಹಾಸುಗಳ ಮೇಲೆ ಹೂದಾನಿ, ಅದರಿಂದ ಎರಡೂ ಪಕ್ಕಕ್ಕೆ ಸಮನಾಗಿ ಬಾಗಿದ ಕೆಂಪು ಹೂವು, ಹಸಿರು ಎಲೆ. 18ನೇ ಶತಮಾನದ ಭಾರತೀಯ ನೇಕಾರರು, ಬಣ್ಣಗಾರರು ಮಾಡಿದ ಬಟ್ಟೆ ಇಂದಿಗೂ ಬಣ್ಣ ಹಿಡಿದುಕೊಂಡಿದೆ. ಕ್ಲೈವ್ ಮನೆತನದವರು ಅದನ್ನು ತೋಟದ ಔತಣಕ್ಕೆ ಚಪ್ಪರವಾಗಿ ಬಳಸುತ್ತಿದ್ದರು. ಮೈಸೂರಿನ ದೊರೆಯ ಡೇರೆ ಅದು. ಚಹಾಕೂಟದ ನೆರಳಾಗಿ ಬಳಸಿದ್ದು ಸಲ್ಲದ ಕೆಲಸ.

1952ರಿಂದ ಕೋಟೆ ನ್ಯಾಷನಲ್ ಟ್ರಸ್ಟ್ ಸಂಸ್ಥೆಯದು. 2020ರಲ್ಲಿ ಅದು ವಸಾಹತು ಆಳ್ವಿಕೆ ಮತ್ತು ಗುಲಾಮಗಿರಿಯ ನಂಟಿರುವ ತನ್ನ 93 ಜಾಗಗಳ ವರದಿ ಪ್ರಕಟಿಸಿದಾಗ ಪೊವಿಸ್ ಹೆಸರೂ ಅದರಲ್ಲಿತ್ತು. ಆ ಪ್ರಾಮಾಣಿಕತೆಗೆ ಮೆಚ್ಚುಗೆ ಸಲ್ಲಬೇಕು. ವಸ್ತುಗಳು ಮರಳುವ ಮಾತು ಸರ್ಕಾರಗಳ ನಡುವಿನದು. ನಮ್ಮ ಕೈಲಾಗುವುದು ಬೇರೆಯಿದೆ. ಬರ್ಮಿಂಗ್‌ಹ್ಯಾಮಿನಿಂದ ವೆಲ್ಶ್‌ಪೂಲ್‌ಗೆ ನೇರ ರೈಲಿದೆ. ಬ್ರಿಟನ್ನಿನಲ್ಲಿರುವ ಕನ್ನಡಿಗರು ಮಕ್ಕಳನ್ನು ಕರೆದುಕೊಂಡು ಹೋಗಿ ಬನ್ನಿ, ಡೇರೆ ಪ್ರದರ್ಶನದಲ್ಲಿದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ಇಲ್ಲಿ, ಶಾಲಾ ಮಕ್ಕಳನ್ನು ದರಿಯಾ ದೌಲತ್‌ಗೆ ಪ್ರವಾಸ ಕರೆದೊಯ್ಯುವ ಮೇಷ್ಟ್ರುಗಳು ಆ ಡೇರೆಯ, ಆ ಹುಲಿಮುಖದ ಒಂದೊಂದು ಚಿತ್ರವನ್ನು ಜೊತೆಗೆ ಒಯ್ದು, ಅವು ಈಗ ಎಲ್ಲಿವೆ ಎಂದು ಮಕ್ಕಳಿಗೆ ಹೇಳಿ.