ಕೋಲರನ ‘ಮುಷ್ಕರ’ : ಚಿತ್ರಪಟವೊಂದರ ಸಾಕ್ಷ್ಯ

ಕೈಗಾರಿಕಾ ಯುಗದ ಕಲಹಗಳನ್ನು ಬೋಧಿಸುವಾಗ ಅಮೆರಿಕದ ಚಿತ್ರಕಾರ ರಾಬರ್ಟ್ ಕೋಲರನ ‘ಮುಷ್ಕರ’ವೆಂಬ ತೈಲಚಿತ್ರವನ್ನು ತೋರಿಸುವುದುಂಟು. ಅದನ್ನು 1886ರ ಷಿಕಾಗೋ ಗಲಭೆಯ ಪ್ರತ್ಯಕ್ಷ ವರದಿಯೆಂದು ತಿಳಿಯುವವರೂ ಉಂಟು. ಈ ಭಾವನೆಯನ್ನು ನಾವು ಒಪ್ಪಲಾರೆವು.

ಸುಮಾರು ಒಂಬತ್ತು ಅಡಿ ಅಗಲದ ಈ ಪಟದಲ್ಲಿ ಎತ್ತರದ ಟೋಪಿಯ ಮಾಲೀಕನು ಮೆಟ್ಟಿಲ ಮೇಲೆ ನಿಂತಿದ್ದಾನೆ. ಕೆಳಗೆ ಕಾರ್ಮಿಕರ ಮುಂದಾಳು ಅವನೊಡನೆ ವಾದಿಸುತ್ತಿದ್ದಾನೆ. ನಡುವೆ ಹೆಂಗಸೊಬ್ಬಳು ಒಬ್ಬ ಕೆಲಸಗಾರನನ್ನು ಸಮಾಧಾನಪಡಿಸಲು ಯತ್ನಿಸುತ್ತಿದ್ದಾಳೆ. ಮಕ್ಕಳೊಡನೆ ನಿಂತ ಮತ್ತೊಬ್ಬಳು ಸುಮ್ಮನೆ ನೋಡುತ್ತಿದ್ದಾಳೆ. ಬಲಗಡೆ ಒಬ್ಬನು ಬಾಗಿ ಕಲ್ಲನ್ನೆತ್ತುತ್ತಿದ್ದಾನೆ. ಕಲ್ಲು ಇನ್ನೂ ನೆಲವನ್ನು ಬಿಟ್ಟಿಲ್ಲ. ಚಿತ್ರದ ಬಿಗಿಯೆಲ್ಲ ಆ ಕೈಯಲ್ಲಿದೆ.

1850ರಲ್ಲಿ ಹ್ಯಾಂಬರ್ಗಿನಲ್ಲಿ ಜನಿಸಿ ಮಿಲ್ವಾಕಿಯಲ್ಲಿ ಬೆಳೆದ ಕೋಲರನು ಯಂತ್ರಕರ್ಮಿಯ ಮಗ. 1877ರ ಪಿಟ್ಸ್‌ಬರ್ಗ್ ರೈಲ್ವೆ ಮುಷ್ಕರವೇ ಈ ಚಿತ್ರಕ್ಕೆ ಪ್ರೇರಣೆಯಾಯಿತೆಂದು ಆತನೇ ಹೇಳಿಕೊಂಡಿದ್ದಾನೆ. ಆದರೆ ಕರಡುಗಳು ಹುಟ್ಟಿದ್ದು ಮ್ಯೂನಿಕ್ಕಿನಲ್ಲಿ, ಅಭ್ಯಾಸಚಿತ್ರಗಳನ್ನು ಬರೆದದ್ದು ಇಂಗ್ಲೆಂಡಿನಲ್ಲಿ. ಹೀಗೆ ಮೂರು ದೇಶಗಳ ಸಾಮಗ್ರಿ ಒಂದೇ ಪಟದಲ್ಲಿ ಕೂಡಿದೆ. ನ್ಯೂಯಾರ್ಕಿನಲ್ಲಿ ಪ್ರದರ್ಶಿತವಾದ ಈ ಚಿತ್ರದ ಪ್ರತಿಕೃತಿಯನ್ನು ‘ಹಾರ್ಪರ್ಸ್ ವೀಕ್ಲಿ’ ಪ್ರಕಟಿಸಿದ್ದು 1886ರ ಮೇ 1ರ ಸಂಚಿಕೆಯಲ್ಲಿ. ಎಂಟು ಗಂಟೆಗಳ ದುಡಿಮೆಗಾಗಿ ಚಳವಳಿ ನಡೆದಿದ್ದ ದಿನಗಳವು. ಮೇ 4ರಂದು ಷಿಕಾಗೋದ ಹೇಮಾರ್ಕೆಟ್ ಚೌಕದಲ್ಲಿ ಬಾಂಬು ಸಿಡಿಯಿತು. ಮೊದಲೇ ಮುಗಿದಿದ್ದ ಚಿತ್ರಕ್ಕೆ ಸುದ್ದಿಯ ಅರ್ಥ ಬಂದುದು ಹೀಗೆ.

ಭದ್ರಾವತಿಯಿಂದ ಬರುವ ನಮ್ಮ ವಿದ್ಯಾರ್ಥಿಗಳು ಈ ಪಟದ ಮುಂದೆ ಕೇಳುವ ಪ್ರಶ್ನೆಯೇ ಬೇರೆ: ಇಲ್ಲಿ ಮಾಲೀಕನಾರು? ಪ್ರಶ್ನೆ ಸಾಧುವಾದುದು. 1923ರಲ್ಲಿ ಮಲೆನಾಡಿನ ಸೌದೆಯ ಇದ್ದಲಿನಿಂದ ಕಬ್ಬಿಣವನ್ನು ಕರಗಿಸತೊಡಗಿದ ಅಲ್ಲಿಯ ಕಾರ್ಖಾನೆ ಮೈಸೂರು ಸಂಸ್ಥಾನದ ಸರ್ಕಾರದ್ದು. 1962ರಲ್ಲಿ ಅದು ಕಂಪನಿಯಾಯಿತು. 1989ರಲ್ಲಿ ಕೇಂದ್ರದ ಉಕ್ಕು ಪ್ರಾಧಿಕಾರಕ್ಕೆ ಸೇರಿತು. ಕೋಲರನು ಕಂಡ ಮೆಟ್ಟಿಲಿನ ಒಡೆಯ ಅಲ್ಲಿ ಎಂದೂ ಇರಲಿಲ್ಲ. 2023ರ ಜನವರಿಯಲ್ಲಿ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ಧರಣಿ ಕುಳಿತರು. ಅವರ ಮಾತಿಗೆ ಉತ್ತರ ಕೊಡಬೇಕಾದವರು ಕಾರ್ಖಾನೆಯ ಬಾಗಿಲಲ್ಲಿರಲಿಲ್ಲ, ದೆಹಲಿಯಲ್ಲಿದ್ದರು. ಆ ಧರಣಿಯನ್ನು ಯಾರಾದರೂ ಚಿತ್ರಿಸಹೊರಟರೆ ಪಟದ ಎಡಭಾಗದಲ್ಲಿ ಯಾರನ್ನು ನಿಲ್ಲಿಸಬೇಕೆಂಬುದೇ ಮೊದಲ ತೊಡಕಾದೀತು.